ಕಿಕ್ ಹೊಡೆಯುವ ಮುನ್ನ ಎರಡು ಸುತ್ತು

ವಾಲ್ವ್ ಟೈಮಿಂಗ್ ಡಯಾಗ್ರಾಮ್ ಬಿಡಿಸದೆ ಪಾಸಾದ ಮೆಕ್ಯಾನಿಕಲ್ ವಿದ್ಯಾರ್ಥಿಯನ್ನು ನಾನಂತೂ ನೋಡಿಲ್ಲ. ಕೈವಾರ ಹಿಡಿದು ವೃತ್ತ ಎಳೆಯುವುದು, ಮೇಲೆ ಟಿ.ಡಿ.ಸಿ., ಕೆಳಗೆ ಬಿ.ಡಿ.ಸಿ. ಎಂದು ಬರೆಯುವುದು, ಇನ್‌ಲೆಟ್ ವಾಲ್ವ್ ಎಲ್ಲಿ ತೆರೆಯುತ್ತದೆ, ಎಕ್ಸಾಸ್ಟ್ ವಾಲ್ವ್ ಎಲ್ಲಿ ಮುಚ್ಚುತ್ತದೆ ಎಂದು ಬಾಣ ಹಾಕುವುದು. ಚಿತ್ರ ಚೆಂದ ಬಂದರೆ ಅಂಕ ಗ್ಯಾರಂಟಿ. ಆದರೆ ಆ ಬಾಣಗಳೆಲ್ಲ ಇಪ್ಪತ್ತು, ಇಪ್ಪತ್ತೈದು ಡಿಗ್ರಿ ಆಚೆ ಸರಿದರೆ ರಸ್ತೆಯ ಮೇಲೆ ಏನಾಗುತ್ತದೆ ಎಂದು ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಈ ಮಳೆಗಾಲದಲ್ಲಿ ನಮ್ಮ ಅಪ್ಪನ ಗಾಡಿ ಕೇಳಿತು.

ನಮ್ಮೂರು ಖಾನಾಪುರ ಪಟ್ಟಣದಿಂದ ಒಳಗೆ ಏಳೆಂಟು ಕಿಲೋಮೀಟರ್. ನಾನು ಬೆಳಗಾವಿಯಲ್ಲಿ ಗೆಳೆಯರ ಜೊತೆ ರೂಮು ಮಾಡಿಕೊಂಡು ಬಿಇ ಮೂರನೇ ವರ್ಷ ಓದುತ್ತಿದ್ದೇನೆ. ಅಪ್ಪ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಗುತ್ತಿಗೆ ಕೆಲಸಗಾರ. ಒಂದು ವಾರ ಮೊದಲ ಪಾಳಿ, ಮತ್ತೊಂದು ವಾರ ಎರಡನೇ ಪಾಳಿ. ಎರಡನೆಯದು ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಆ ಹೊತ್ತಿಗೆ ನಮ್ಮೂರಿಗೆ ಬಸ್ಸಿಲ್ಲ. ಗಾಡಿ ಇದ್ದರೆ ಪಾಳಿ, ಪಾಳಿ ಇದ್ದರೆ ಪಗಾರ. ನನ್ನ ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲು, ಪರೀಕ್ಷಾ ಶುಲ್ಕ ಎಲ್ಲವೂ ಆ ಪಗಾರದಲ್ಲೇ ಆಗಬೇಕು.

ಗಾಡಿ ಹಳೆಯ ಸ್ಪ್ಲೆಂಡರ್. ಟ್ಯಾಂಕಿನ ಮೇಲೆ ಇನ್ನೂ ‘ಹೀರೋ ಹೊಂಡಾ’ ಎಂದೇ ಇದೆ. ಮಳೆ ಶುರುವಾಗುವ ಹೊತ್ತಿಗೆ ಎಂಜಿನ್ನಿನ ಎಡಬದಿಯಿಂದ ಕಟಕಟ ಸಪ್ಪಳ ಬರತೊಡಗಿತು. ಟೈಮಿಂಗ್ ಚೈನ್ ಹೋಗಿದೆ ಎಂದು ನಗರದ ಒಂದು ಗ್ಯಾರೇಜಿನಲ್ಲಿ ಹೇಳಿದರು. ಅಪ್ಪ ಮುಂಜಾನೆ ಬಿಟ್ಟು ಸಂಜೆ ತಂದ. 1,900 ರೂಪಾಯಿ ಆಯಿತು.

ತಂದ ದಿನದಿಂದಲೇ ಗಾಡಿಯಲ್ಲಿ ಮೊದಲಿನ ಎಳೆತವಿರಲಿಲ್ಲ. ಏರು ಬಂದರೆ ಗೇರು ಇಳಿಸಲೇಬೇಕು. ಮುಂಜಾನೆ ಏಳೆಂಟು ಕಿಕ್ ಹೊಡೆಯದೆ ಚಾಲೂ ಆಗದು. ‘ಹೊಸ ಚೈನು, ಸೆಟ್ ಆಗತೈತಿ’ ಎಂದಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಹಳೆಯ ಸಪ್ಪಳವೂ ಮರಳಿತು, ನಿಲ್ಲಿಸಿದಲ್ಲಿ ಎಣ್ಣೆಯ ಕಲೆ ಬೀಳತೊಡಗಿತು. ಮತ್ತೆ ಗ್ಯಾರೇಜಿಗೆ ಹೋದರೆ, ಎಂಜಿನ್ನೇ ಕೆಲಸಕ್ಕೆ ಬಂದಿದೆ, ಪೂರಾ ಬಿಚ್ಚಬೇಕು, ಆರೇಳು ಸಾವಿರ ಆಗುತ್ತದೆ ಎಂಬ ಉತ್ತರ ಸಿಕ್ಕಿತು.

ಅಪ್ಪ ಜಗಳ ಮಾಡುವವನಲ್ಲ. “ಅಷ್ಟ ರೊಕ್ಕ ಹಾಕೂದಕಿಂತ ಮಾರಿಬಿಡೂದ ಚಲೋ” ಎಂದ. ಮಾರಿದರೆ ಎರಡನೇ ಪಾಳಿ ಬಿಡಬೇಕು. ಅವ್ವ ನನ್ನ ಕಡೆ ನೋಡಿ, “ನೀ ಎಂಜಿನ್ನದ್ದ ಓದಾಕತ್ತೀಯಲ್ಲಾ, ಒಂದೀಟ ನೋಡಬಾರದೇನು?” ಎಂದಳು. ಮುಂದಿನ ಸೋಮವಾರದಿಂದ ಅಪ್ಪನದು ಎರಡನೇ ಪಾಳಿ. ನನ್ನ ಕೈಯಲ್ಲಿ ಇದ್ದದ್ದು ಒಂದು ಶನಿವಾರ, ಒಂದು ರವಿವಾರ.

ಒಂದು ಹಲ್ಲಿನ ಲೆಕ್ಕ

ಬಿಚ್ಚುವ ಮೊದಲು ಒಂದು ಸಂಜೆ ಪೂರ್ತಿ ಪುಸ್ತಕ ತೆಗೆದು ಕುಳಿತೆ. ಎಂಜಿನ್ನಿನ ಕೆಳಭಾಗದಲ್ಲಿ ಕ್ರ್ಯಾಂಕ್ ಶಾಫ್ಟ್, ತಲೆಯಲ್ಲಿ ವಾಲ್ವ್‌ಗಳನ್ನು ಒತ್ತುವ ಕ್ಯಾಮ್ ಶಾಫ್ಟ್. ಇವೆರಡನ್ನೂ ಕಟ್ಟಿಹಾಕಿರುವುದೇ ಟೈಮಿಂಗ್ ಚೈನ್. 1876ರಲ್ಲಿ ನಿಕೋಲಸ್ ಓಟ್ಟೊ ತೋರಿಸಿದ ನಾಲ್ಕು ಸ್ಟ್ರೋಕ್‌ಗಳ ಕ್ರಮವೇ ಇವತ್ತಿಗೂ ನಡೆದಿದೆ: ಎಳೆದುಕೊಳ್ಳುವುದು, ಒತ್ತುವುದು, ಸಿಡಿಯುವುದು, ಹೊರಹಾಕುವುದು. ಈ ನಾಲ್ಕು ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ಅಷ್ಟರಲ್ಲಿ ಪ್ರತಿ ವಾಲ್ವ್ ಒಂದೇ ಸಲ ತೆರೆಯಬೇಕು. ಅದಕ್ಕೇ ಕ್ಯಾಮಿನ ಸ್ಪ್ರಾಕೆಟ್‌ಗೆ ಕ್ರ್ಯಾಂಕಿನ ಸ್ಪ್ರಾಕೆಟ್‌ಗಿಂತ ಸರಿಯಾಗಿ ಎರಡು ಪಟ್ಟು ಹಲ್ಲು.

ನಮ್ಮ ಸೈಕಲ್ಲಿನಲ್ಲೂ ಬೈಕಿನ ಹಿಂಗಾಲಿಯಲ್ಲೂ ಕಾಣುವ ರೋಲರ್ ಚೈನಿಗೆ ಹಾನ್ಸ್ ರೆನಾಲ್ಡ್ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1880ರಲ್ಲಿ ಪೇಟೆಂಟ್ ಪಡೆದ. ಎಂಜಿನ್ನಿನೊಳಗಿನ ಚೈನೂ ಅದೇ ಕುಲದ್ದು. ಅದು ಎಷ್ಟು ದುಡಿಯುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಲು 35 ನಿಮಿಷ, ಎಂಜಿನ್ ವೇಗ ನಿಮಿಷಕ್ಕೆ 4,000 ಸುತ್ತು ಎಂದು ಹಿಡಿಯೋಣ. ಒಂದು ಸಲ ಹೋಗುವಷ್ಟರಲ್ಲಿ ಕ್ರ್ಯಾಂಕ್ 1 ಲಕ್ಷ 40 ಸಾವಿರ ಸುತ್ತು, ಕ್ಯಾಮ್ 70 ಸಾವಿರ ಸುತ್ತು ತಿರುಗುತ್ತವೆ. ಇಷ್ಟು ತಿರುಗಿದರೂ ಎರಡರ ಹೊಂದಾಣಿಕೆ ಕೂದಲಷ್ಟೂ ತಪ್ಪಬಾರದು.

ತಪ್ಪಿದರೆ? ಕ್ಯಾಮ್ ಸ್ಪ್ರಾಕೆಟ್‌ಗೆ 30 ಹಲ್ಲು ಎಂದಿಟ್ಟುಕೊಳ್ಳಿ. ಚೈನ್ ಹಾಕುವಾಗ ಒಂದು ಹಲ್ಲು ಆಚೆ ಕೂತರೆ ಕ್ಯಾಮ್ 12 ಡಿಗ್ರಿ ಸರಿಯಿತು. ಕ್ರ್ಯಾಂಕಿನ ಲೆಕ್ಕದಲ್ಲಿ ಅದು ಎರಡು ಪಟ್ಟು, ಅಂದರೆ 24 ಡಿಗ್ರಿ. ಸ್ಪಾರ್ಕಿಗೆ ಸೂಚನೆ ಸಿಗುವುದು ಕ್ರ್ಯಾಂಕಿಗೆ ಕೂಡಿಸಿದ ಮ್ಯಾಗ್ನೆಟ್ಟಿನಿಂದ. ಹೀಗಾಗಿ ಕಿಡಿ ಸರಿಯಾದ ಹೊತ್ತಿಗೇ ಹಾರುತ್ತದೆ, ವಾಲ್ವ್‌ಗಳು ಮಾತ್ರ ತಡವಾಗಿಯೋ ಬೇಗನೆಯೋ ತೆರೆಯುತ್ತವೆ. ಎಂಜಿನ್ ಚಾಲೂ ಆಗುತ್ತದೆ, ಓಡುತ್ತದೆ, ಆದರೆ ಎಳೆಯುವುದಿಲ್ಲ. ಅಪ್ಪ ಹೇಳಿದ್ದ ಲಕ್ಷಣಗಳೆಲ್ಲ ಇದೇ. ಹಲ್ಲು ಇನ್ನೂ ಹೆಚ್ಚು ತಪ್ಪಿದರೆ ಎಷ್ಟೋ ಎಂಜಿನ್ನುಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್ನಿಗೇ ಬಡಿಯುತ್ತದೆ. ಆಗ ಖರ್ಚು ಆರೇಳು ಸಾವಿರಕ್ಕೆ ನಿಲ್ಲುವುದಿಲ್ಲ.

ಕೊಟ್ಟಿಗೆಯಲ್ಲಿ ಗ್ಯಾರೇಜು

ನಮ್ಮ ಮಾಮಾ ಉದ್ಯಮಬಾಗದಲ್ಲಿ ಕ್ರ್ಯಾಂಕ್ ಶಾಫ್ಟ್ ಗ್ರೈಂಡಿಂಗ್ ಮಾಡುವವರು. ಡೀಸೆಲ್ ಎಂಜಿನ್ನುಗಳ ಕ್ರ್ಯಾಂಕ್ ಶಾಫ್ಟಿಗೆ ಬೆಳಗಾವಿಯ ಮಶೀನ್ ಶಾಪುಗಳು 1960ರ ದಶಕದಿಂದಲೂ ಹೆಸರುವಾಸಿ. ಅವರ ಕಾರ್ಖಾನೆಗೆ ಹೋಗಿ ಮ್ಯಾಗ್ನೆಟ್ ಪುಲ್ಲರ್, ಇಂಪ್ಯಾಕ್ಟ್ ಡ್ರೈವರ್, ಫೀಲರ್ ಗೇಜ್ ಕೇಳಿದೆ. ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು:

“ನೋಡಪಾ, ಬಿಚ್ಚೂದ ಯಾರಿಗೂ ಬರತೈತಿ. ಜೋಡಿಸಿದ ಮ್ಯಾಲ ಒಮ್ಮೆಲೆ ಕಿಕ್ ಹೊಡಿಬ್ಯಾಡ. ಮೊದಲ ಕೈಲೆ ಎರಡ ಸುತ್ತ ತಿರುವು. ಗುರುತ ತಿರಗಿ ಅಲ್ಲೇ ಬಂದ್ರ ಮಾತ್ರ ಕಾಲ ಇಡು.”

ಶನಿವಾರ ಊರಿಗೆ ಹೋದಾಗ ಜಿಟಿಜಿಟಿ ಮಳೆ. ಖಾನಾಪುರದ ಮಳೆ ಹಿಡಿದರೆ ಬಿಡುವುದಿಲ್ಲ ಎಂದು ನಿಮಗೂ ಗೊತ್ತಿರಬಹುದು. ಅಂಗಳದಲ್ಲಿ ಕೆಲಸ ಸಾಧ್ಯವಿಲ್ಲ. ದನ ಆಚೆ ಕಟ್ಟಿ ಕೊಟ್ಟಿಗೆಯಲ್ಲಿ ಜಾಗ ಮಾಡಿದೆವು. ಹಳೆಯ ಧೋತರ ಹಾಸಿ, ಬಿಚ್ಚಿದ ಬೋಲ್ಟುಗಳನ್ನು ಯಾವ ಕವರಿನದು ಯಾವುದು ಎಂದು ಬೇರೆ ಬೇರೆ ಡಬ್ಬಿಗೆ ಹಾಕಿ ಚೀಟಿ ಅಂಟಿಸುವ ಕೆಲಸವನ್ನು ತಂಗಿ ವಹಿಸಿಕೊಂಡಳು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದೆ. ಎಂಜಿನ್ ಪೂರ್ತಿ ತಣ್ಣಗಾಗಿತ್ತು, ಪೆಟ್ರೋಲಿನ ಕಾಕ್ ಬಂದ್ ಮಾಡಿದ್ದೆವು.

ಮೊದಲ ಕೆಲಸ ಬಿಚ್ಚುವುದಾಗಿರಲಿಲ್ಲ, ನೋಡುವುದಾಗಿತ್ತು. ಇದರಲ್ಲಿ ಎರಡು ಗುರುತುಗಳಿವೆ. ಮ್ಯಾಗ್ನೆಟ್ಟಿನ ಅಂಚಿನಲ್ಲಿ ಇಂಗ್ಲಿಷಿನ ‘ಟಿ’ ಅಕ್ಷರ. ಅದು ಕೇಸಿನ ಮೇಲಿನ ಗೆರೆಗೆ ಬಂದರೆ ಪಿಸ್ಟನ್ ತುದಿಯಲ್ಲಿದೆ ಎಂದರ್ಥ. ಕ್ಯಾಮ್ ಸ್ಪ್ರಾಕೆಟ್ಟಿನ ಮೇಲೆ ಸೊನ್ನೆಯಂಥ ‘ಓ’ ಗುರುತು. ಅದು ಹೆಡ್ಡಿನ ಕಚ್ಚಿಗೆ ಎದುರಾಗಿರಬೇಕು. ಎರಡೂ ಒಟ್ಟಿಗೆ ಕೂಡಿದರೆ ಟೈಮಿಂಗ್ ಸರಿ.

ಎಡಬದಿಯ ಕವರ್ ತೆಗೆದು, ಹೆಡ್ಡಿನ ಪಕ್ಕದ ದುಂಡು ಮುಚ್ಚಳ ತೆಗೆದು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಪಾನಾ ಹಿಡಿದು ಮ್ಯಾಗ್ನೆಟ್ಟನ್ನು ನಿಧಾನಕ್ಕೆ ತಿರುವಿದೆ. ‘ಟಿ’ ಗೆರೆಗೆ ಬಂತು. ‘ಓ’ ಬರಲಿಲ್ಲ. ಇದು ಎಕ್ಸಾಸ್ಟ್ ಸ್ಟ್ರೋಕಿನ ತುದಿ ಇರಬಹುದೆಂದು ಮತ್ತೊಂದು ಸುತ್ತು ತಿರುವಿದೆ. ಈಗ ‘ಓ’ ಕಚ್ಚಿನ ಹತ್ತಿರ ಬಂದಿತ್ತು, ಆದರೆ ಸರಿಯಾಗಿ ಒಂದು ಹಲ್ಲು ಆಚೆ ನಿಂತಿತ್ತು. ಅಪ್ಪನನ್ನು ಕರೆದು ತೋರಿಸಿದೆ. ಬ್ಯಾಟರಿ ಬೆಳಕಿನಲ್ಲಿ ಬಗ್ಗಿ ನೋಡಿ, “ಇಷ್ಟೇನಾ?” ಎಂದ. ಇಷ್ಟೇ. ಆರೇಳು ಸಾವಿರದ ಎಂಜಿನ್ ಕೆಲಸ ಎನ್ನಿಸಿಕೊಂಡದ್ದು ಒಂದು ಹಲ್ಲಿನ ದೂರ.

ರಬ್ಬರಿನ ತುಂಡು ಎಲ್ಲಿ ಹೋಯಿತು?

ಎಳೆತ ಕಡಿಮೆಯಾದದ್ದಕ್ಕೆ ಕಾರಣ ಸಿಕ್ಕಿತು. ಆದರೆ ಹೊಸ ಚೈನ್ ಇದ್ದೂ ಸಪ್ಪಳ ಯಾಕೆ ಮರಳಿತು? ಇದಕ್ಕೆ ಉತ್ತರ ಸಿಗದೆ ಹಲ್ಲು ಮಾತ್ರ ಸರಿ ಮಾಡಿ ಮುಚ್ಚಿದ್ದರೆ ಎರಡು ವಾರದಲ್ಲಿ ಮತ್ತೆ ಅದೇ ಕಥೆ ಆಗುತ್ತಿತ್ತು.

ಚೈನ್ ಹಿಗ್ಗುತ್ತದೆ ಎಂದು ನಾವು ಹೇಳುತ್ತೇವೆ. ನಿಜಕ್ಕೂ ಕಬ್ಬಿಣದ ಕೊಂಡಿಗಳು ರಬ್ಬರಿನಂತೆ ಹಿಗ್ಗುವುದಿಲ್ಲ. ಕೊಂಡಿಗಳ ನಡುವಿನ ಪಿನ್ನು, ಬುಷ್ಷು ಸವೆಯುತ್ತವೆ. ಒಂದೊಂದರಲ್ಲಿ ಕೂದಲೆಳೆಯಷ್ಟು ಸವೆತ, ಎಲ್ಲ ಸೇರಿ ಚೈನ್ ಉದ್ದವಾಗುತ್ತದೆ. ಎಣ್ಣೆ ಹಳತಾಗಿ ಕಪ್ಪಾದಷ್ಟೂ ಸವೆತ ಜಾಸ್ತಿ. ಆ ಸಡಿಲವನ್ನು ಎಳೆದು ಹಿಡಿಯಲು ಟೆನ್ಷನರ್ ಇರುತ್ತದೆ. ಸ್ಪ್ರಿಂಗಿನ ಒತ್ತಡಕ್ಕೆ ಒಂದು ಪುಶ್ ರಾಡ್, ಅದು ತಳ್ಳುವ ಒಂದು ತೋಳು, ತೋಳಿನ ತುದಿಯಲ್ಲಿ ಚೈನಿಗೆ ಒರಗಿ ತಿರುಗುವ ರಬ್ಬರಿನ ರೋಲರ್.

ಎಣ್ಣೆ ಇಳಿಸುವಾಗ ಡಬ್ಬಿಯ ಬಾಯಿಗೆ ತೆಳು ಅರಿವೆ ಕಟ್ಟಿದ್ದೆವು. ಅರಿವೆಯ ಮೇಲೆ ಕರಿಯ ಚೂರುಗಳು ನಿಂತವು. ಪುಲ್ಲರ್ ಹಾಕಿ ಮ್ಯಾಗ್ನೆಟ್ ಎಳೆದು, ಅದರ ಹಿಂದಿನ ಪ್ಲೇಟ್ ತೆಗೆದಾಗ ಉತ್ತರ ಎದುರಿಗೇ ಇತ್ತು. ರೋಲರಿನ ಒಂದು ಪಕ್ಕದ ರಬ್ಬರ್ ಕಿತ್ತು ಹೋಗಿತ್ತು, ಉಳಿದದ್ದು ಗಾಜಿನಂತೆ ಗಟ್ಟಿ. ಪುಶ್ ರಾಡಿನ ತುದಿಯ ರಬ್ಬರೂ ತೆಳ್ಳಗಾಗಿತ್ತು. ಚೈನ್ ಮಾತ್ರ ಹೊಸದು ಹಾಕಿ ಹಳೆಯ ರೋಲರನ್ನು ಹಾಗೇ ಬಿಟ್ಟಿದ್ದರು. ಪ್ಯಾಕಿಂಗೂ ಹೊಸದಲ್ಲ. ಹರಿದ ಹಳೆಯ ಪ್ಯಾಕಿಂಗಿನ ಮೇಲೆ ದಪ್ಪಗೆ ಬಾಂಡ್ ಬಳಿದಿದ್ದರು. ಎಣ್ಣೆ ಸೋರುತ್ತಿದ್ದುದು ಅಲ್ಲಿಂದಲೇ.

ಸಂಜೆ ಮಾಮಾಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಕಿತ್ತ ರಬ್ಬರ್ ತುಂಡ ಎಲ್ಲಿ ಹೋತು?”

ಅರಿವೆಯ ಮೇಲಿನ ಚೂರುಗಳನ್ನು ರೋಲರಿನ ಗಾಯಕ್ಕೆ ಇಟ್ಟು ನೋಡಿದೆವು. ಅರ್ಧಕ್ಕೂ ಸಾಲದು. ಉಳಿದದ್ದು ಎಂಜಿನ್ನಿನೊಳಗೇ ಇರಬೇಕು. ಎಣ್ಣೆಯನ್ನು ಪಂಪ್ ಎಳೆದುಕೊಳ್ಳುವ ದಾರಿಯಲ್ಲಿ ಒಂದು ಜಾಲರಿ ಇರುತ್ತದೆ. ಅದು ಕಟ್ಟಿದರೆ ಹೆಡ್ಡಿಗೆ ಎಣ್ಣೆ ಏರುವುದಿಲ್ಲ, ಕ್ಯಾಮ್ ಒಣಗಿ ಸುಡುತ್ತದೆ. ಹಾಗಾಗಿ ಯೋಜನೆಯಲ್ಲಿ ಇರದಿದ್ದ ಬಲಬದಿಯ ಕವರನ್ನೂ ಬಿಚ್ಚಬೇಕಾಯಿತು. ಕಿಕ್ಕಿನ ಕಾಲು, ಸೈಲೆನ್ಸರ್, ಕ್ಲಚ್ ಕೇಬಲ್ ಎಲ್ಲ ತೆಗೆಯಲು ರಾತ್ರಿ ಹತ್ತಾಯಿತು. ಜಾಲರಿ ಎಳೆದಾಗ ಅದರ ಮುಕ್ಕಾಲು ಭಾಗಕ್ಕೆ ರಬ್ಬರಿನ ಚೂರು, ಬಾಂಡಿನ ಎಳೆ ಅಂಟಿದ್ದವು. ಅಪ್ಪ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದ. ಕಾಡಿನ ದಾರಿಯಲ್ಲಿ ನಡುರಾತ್ರಿ, ಮಳೆಯಲ್ಲಿ ಎಂಜಿನ್ ಹಿಡಿದು ನಿಂತಿದ್ದರೆ ಎಂಬುದು ನಾವಿಬ್ಬರೂ ಹೇಳದ ಮಾತು.

‘ಟಿ’ ಮತ್ತು ‘ಓ’

ರವಿವಾರ ಮುಂಜಾನೆ ಖಾನಾಪುರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ರೋಲರ್, ಪುಶ್ ರಾಡಿನ ರಬ್ಬರ್, ಎರಡೂ ಬದಿಯ ಪ್ಯಾಕಿಂಗ್, ಓ-ರಿಂಗುಗಳು, ಎಣ್ಣೆ. ಒಟ್ಟು 840 ರೂಪಾಯಿ. ಚೈನ್ ಹೊಸದೇ ಇತ್ತು. ಕೊಂಡಿ ಕೊಂಡಿಯಾಗಿ ಪರೀಕ್ಷಿಸಿ ಅದನ್ನೇ ಉಳಿಸಿಕೊಂಡೆವು. ಬಾಂಡನ್ನು ಹಳೆಯ ಬ್ಲೇಡಿನ ಮೊಂಡ ಬದಿಯಿಂದ ಕೆರೆದು, ಎರಡೂ ಬದಿಯನ್ನು ಸೀಮೆಎಣ್ಣೆಯಿಂದ ಒರೆಸಿ ಸ್ವಚ್ಛ ಮಾಡುವುದಕ್ಕೇ ಎರಡು ತಾಸು ಹಿಡಿಯಿತು. ಚೂರುಗಳು ಒಳಗೆ ಬೀಳದಂತೆ ತೆರೆದ ಜಾಗಕ್ಕೆಲ್ಲ ಅರಿವೆ ತುರುಕಿದ್ದೆವು.

ಜೋಡಿಸುವ ಕ್ರಮ ಕಷ್ಟದ್ದಲ್ಲ, ಆದರೆ ಅವಸರ ಮಾಡುವಂತಿಲ್ಲ. ಟೆನ್ಷನರಿನ ಸ್ಪ್ರಿಂಗ್ ಹೊರಗಿರುವಾಗ ಚೈನ್ ಸಡಿಲವಿರುತ್ತದೆ. ಆಗಲೇ ಕ್ಯಾಮ್ ಸ್ಪ್ರಾಕೆಟ್ ಬಿಡಿಸಿ, ಚೈನ್ ಒಳಗೆ ಜಾರದಂತೆ ತಂತಿಯಿಂದ ಕಟ್ಟಿದೆ. ಹೊಸ ರೋಲರ್ ಕೂರಿಸಿ, ಪ್ಲೇಟು, ಮ್ಯಾಗ್ನೆಟ್ ಹಾಕುವಾಗ ಅರ್ಧಚಂದ್ರದ ಆಕಾರದ ಸಣ್ಣ ಕೀ ತನ್ನ ಗಾಳಿಯಲ್ಲಿ ಕೂತಿದೆಯೇ ಎಂದು ನೋಡಿಕೊಂಡೆ. ಅದು ತಪ್ಪಿದರೆ ‘ಟಿ’ ಗುರುತಿಗೇ ಅರ್ಥವಿಲ್ಲ. ‘ಟಿ’ಯನ್ನು ಗೆರೆಗೆ ತಂದು, ‘ಓ’ವನ್ನು ಕಚ್ಚಿಗೆ ಹಿಡಿದು ಚೈನ್ ಏರಿಸಿ ಸ್ಪ್ರಾಕೆಟ್ಟಿನ ಬೋಲ್ಟ್ ಬಿಗಿದೆ. ಕೊನೆಗೆ ಟೆನ್ಷನರಿನ ರಾಡು, ಸ್ಪ್ರಿಂಗ್, ಬೋಲ್ಟ್.

ಈಗ ಮಾಮಾ ಹೇಳಿದ ಎರಡು ಸುತ್ತು. ಪ್ಲಗ್ ಹಾಕಿರಲಿಲ್ಲ, ಹಾಗಾಗಿ ಎಂಜಿನ್ ಹಗುರಾಗಿ ತಿರುಗುತ್ತಿತ್ತು. ಒಂದು ಸುತ್ತು ಮುಗಿದು ‘ಟಿ’ ಗೆರೆಗೆ ಬಂದಾಗ ‘ಓ’ ಎದುರು ಬದಿಗೆ ಹೋಗಿತ್ತು. ಕ್ಯಾಮ್ ಅರ್ಧ ಸುತ್ತು ಮಾತ್ರ ತಿರುಗಿದೆ ಎಂದರ್ಥ. ಎರಡನೇ ಸುತ್ತು ಮುಗಿಯುವಾಗ ‘ಟಿ’ ಗೆರೆಗೆ, ‘ಓ’ ಕಚ್ಚಿಗೆ ಒಟ್ಟಿಗೇ ಬಂದು ನಿಂತವು. ಎಲ್ಲೂ ತಡೆಯಲಿಲ್ಲ, ಬಡಿಯಲಿಲ್ಲ. ಪರೀಕ್ಷೆಯಲ್ಲಿ ಬಿಡಿಸುತ್ತಿದ್ದ ಆ ವೃತ್ತ ನನ್ನ ಕೈಯಲ್ಲಿ ತಿರುಗಿದ್ದು ಆಗಲೇ. ಎರಡು ಸುತ್ತು ಏಕೆ, ಒಂದೇ ಏಕೆ ಸಾಲದು ಎಂದು ಅಲ್ಲಿ ಕುಳಿತಿದ್ದ ತಂಗಿಗೂ ತಿಳಿಯಿತು.

ಅದೇ ಸ್ಥಿತಿಯಲ್ಲಿ ಫೀಲರ್ ಗೇಜಿನಿಂದ ಟ್ಯಾಪೆಟ್ ಸಂದು ಹೊಂದಿಸಿ, ಬಲಬದಿಯ ಕವರ್ ಹಾಕಿ, ಎಣ್ಣೆ ತುಂಬಿಸಿದೆವು. ಪ್ಲಗ್ ಹಾಕುವ ಮೊದಲೇ ಹತ್ತಿಪ್ಪತ್ತು ಸಲ ಮೆಲ್ಲಗೆ ಕಿಕ್ ಒತ್ತಿ ಎಣ್ಣೆ ಮೇಲೇರಲು ಬಿಟ್ಟೆವು. ಆಮೇಲೆ ಅಪ್ಪ ಕಾಲಿಟ್ಟ. ಮೂರನೇ ಕಿಕ್ಕಿಗೆ ಗಾಡಿ ಚಾಲೂ ಆಯಿತು. ಕಟಕಟ ಇಲ್ಲ. ಸೋಮವಾರ ಅಪ್ಪ ಎರಡನೇ ಪಾಳಿಗೆ ಹೋದ. ರಾತ್ರಿ ಹನ್ನೊಂದು ಐವತ್ತೈದಕ್ಕೆ ಅವ್ವ ಫೋನ್ ಮಾಡಿ, “ಬಂದಾನು, ಮಕ್ಕೋ” ಎಂದಳು.

ಗ್ಯಾರೇಜಿನ ಹುಡುಗ

ಮುಂದಿನ ವಾರ ಹಳೆಯ ರೋಲರನ್ನು ಕಡ್ಡಿಪೆಟ್ಟಿಗೆಯಲ್ಲಿ ಹಾಕಿಕೊಂಡು ಅಪ್ಪನೂ ನಾನೂ ಆ ಗ್ಯಾರೇಜಿಗೆ ಹೋದೆವು. ಜಗಳಕ್ಕಲ್ಲ, ತೋರಿಸುವುದಕ್ಕೆ. ಮಾಲೀಕರು ಫೋಟೊ ನೋಡಿದರು, ರೋಲರ್ ನೋಡಿದರು. “ಅವತ್ತ ಹದಿನೈದ ಗಾಡಿ ನಿಂತಿದ್ವು ರೀ. ಹುಡುಗ ಮಾಡಿದಾ, ನಾ ನೋಡಲಿಲ್ಲ” ಎಂದು 500 ರೂಪಾಯಿ ವಾಪಸ್ ಕೊಟ್ಟರು.

ಆ ಹುಡುಗ ನನಗಿಂತ ಎರಡು ವರ್ಷ ಸಣ್ಣವನು. ಎಸ್ಸೆಸ್ಸೆಲ್ಸಿ ನಂತರ ಶಾಲೆ ಬಿಟ್ಟು ಪಾನಾ ಹಿಡಿದವನು. “ಓ ಗುರುತ ಅಲ್ಲೇ ಯಾಕ ಬರಬೇಕ್ರಿ? ನನಗ ಅದನ್ನ ಯಾರೂ ಹೇಳಿಲ್ಲ” ಎಂದ. ಬಿಲ್ಲಿನ ಹಿಂದೆ ವಾಲ್ವ್ ಟೈಮಿಂಗ್ ಡಯಾಗ್ರಾಮ್ ಬಿಡಿಸಿ ತೋರಿಸಿದೆ. ಐದು ನಿಮಿಷದಲ್ಲಿ ಹಿಡಿದ. ಅವನೂ ನನಗೊಂದು ಕಲಿಸಿದ. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ಟ್ಯಾಪೆಟ್ಟಿನ ಸಪ್ಪಳ ಯಾವುದು, ಚೈನಿನ ಸಪ್ಪಳ ಯಾವುದು ಎಂದು ಮೂರು ಗಾಡಿಗಳ ಮೇಲೆ ಕೇಳಿಸಿದ. ಇದು ನನ್ನ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವನಿಗೆ ಕಾರಣ ಹೇಳಿದವರಿಲ್ಲ, ನಮಗೆ ಕಿವಿ ಕೊಟ್ಟು ಕೇಳಿಸಿದವರಿಲ್ಲ.

ಅಪ್ಪ ದಿನವೂ ಹಾಯುವ ಖಾನಾಪುರ ರಸ್ತೆಯಲ್ಲೇ ಮಚ್ಛೆಯ ಜ್ಞಾನ ಸಂಗಮವಿದೆ, 1998ರಲ್ಲಿ ಆರಂಭವಾದ ನಮ್ಮ ವಿಟಿಯುನ ಕೇಂದ್ರ. ಅದೇ ರಸ್ತೆಯಲ್ಲಿ ನಗರದ ಕಡೆ ಬಂದರೆ ಉದ್ಯಮಬಾಗ. ಪದವಿ ಕೊಡುವ ಜಾಗಕ್ಕೂ ಕ್ರ್ಯಾಂಕ್ ಶಾಫ್ಟ್ ತಯಾರಾಗುವ ಜಾಗಕ್ಕೂ ನಡುವೆ ಕೆಲವೇ ಕಿಲೋಮೀಟರ್. ಸೆಮಿಸ್ಟರ್ ರಜೆಯಲ್ಲಿ ನಾಲ್ಕು ದಿನ ಆ ದೂರ ದಾಟಿದರೆ ಸಿಗುವುದು ಸರ್ಟಿಫಿಕೇಟ್ ಕೋರ್ಸಿನಲ್ಲಿ ಸಿಗಲಿಕ್ಕಿಲ್ಲ. ಸಂದರ್ಶನದಲ್ಲಿ ‘ಏನು ಕೆಲಸ ಬರುತ್ತದೆ’ ಎಂದು ಕೇಳಿದಾಗ ಹೇಳಲು ನಿಮ್ಮದೇ ಒಂದು ಮಾತೂ ಇರುತ್ತದೆ.

ಎಲ್ಲರೂ ಮನೆಯಲ್ಲೇ ಎಂಜಿನ್ ಬಿಚ್ಚಿ ಎಂದು ನಾನು ಹೇಳುವುದಿಲ್ಲ. ಪುಲ್ಲರ್ ಇಲ್ಲದೆ, ತಿಳಿದವರೊಬ್ಬರು ಫೋನಿಗಾದರೂ ಸಿಗದೆ ಇದಕ್ಕೆ ಕೈ ಹಾಕಬೇಡಿ. ಆದರೆ ನಿಮ್ಮ ಗಾಡಿಯ ಟೈಮಿಂಗ್ ಚೈನ್ ಬದಲಿಸಲು ಕೊಟ್ಟರೆ ನಾಲ್ಕು ಪ್ರಶ್ನೆ ಕೇಳಿ. ಚೈನಿನ ಜೊತೆ ರೋಲರ್, ಟೆನ್ಷನರಿನ ರಬ್ಬರ್ ನೋಡಿದಿರಾ? ಹಳೆಯ ಭಾಗಗಳನ್ನು ನನ್ನ ಕೈಗೆ ಕೊಡುತ್ತೀರಾ? ಪ್ಯಾಕಿಂಗ್ ಹೊಸದೇ? ಮುಚ್ಚುವ ಮೊದಲು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ತೋರಿಸುತ್ತೀರಾ? ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಸಿಟ್ಟಾಗುವುದಿಲ್ಲ, ಬ್ಯಾಟರಿ ಹಿಡಿದು ಹತ್ತಿರ ಕರೆಯುತ್ತಾನೆ.